ಗೋಡೆಯ ಸದ್ದಿಗೆ ಹೆದರುವ ಸದ್ದಕ್ಕ

ಬೆಳಗಿನ ಐದೂವರೆ. ಸೈಕಲ್ ರಿಪೇರಿ ಅಂಗಡಿಯ ಮೇಲೊಂದು ಪುಟ್ಟ ಕೋಣೆ. ದನಿ ಮಾರ್ದನಿಸದಿರಲೆಂದು ಗೋಡೆಗೆ ಹಳೆಯ ಕಂಬಳಿ ಹೊಡೆದಿದ್ದಾರೆ. ಹೆಡ್‌ಫೋನ್ ಹಾಕಿಕೊಂಡ ಐವತ್ತರ ಆಸುಪಾಸಿನ ಹೆಂಗಸೊಬ್ಬರು ನಿನ್ನೆಯಿಂದ ಫೋನಿಗೆ ಬಂದು ಬಿದ್ದ ಸದ್ದುಗಳನ್ನು ಒಂದೊಂದಾಗಿ ಕೇಳುತ್ತಿದ್ದಾರೆ. ಒಟ್ಟು ಹದಿನಾಲ್ಕು. ಮೊದಲ ಮೂರಕ್ಕೆ ನಕ್ಕಿದ್ದಾರೆ. ನಾಲ್ಕನೆಯದು ಅರ್ಧಕ್ಕೆ ಬರುತ್ತಲೇ ಅವರ ಕೈ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿಯುತ್ತದೆ.

"ಬಂತು ನೋಡಿ," ಎಂದು ಪಕ್ಕದಲ್ಲಿ ಕೂತ ನನಗೆ ಹೇಳುತ್ತಾರೆ. "ಮೂರು ವರ್ಷದಿಂದ ಇದೇ ಬರುತ್ತೆ ಅಂತ ಹೆದರ್ಕೊಂಡೇ ಕೂತಿದ್ದೆ."

ಸಮುದಾಯ ರೇಡಿಯೊ ಇದು. ಹತ್ತು ಕಿಲೋಮೀಟರ್ ದಾಟಿದರೆ ಕೇಳಿಸದು. ಆರೂವರೆಗೆ ಬರುವ 'ಇದೇನು ಸದ್ದು?' ಕಾರ್ಯಕ್ರಮಕ್ಕೆ ಮಾತ್ರ ಎಲ್ಲರ ಮನೆಯಲ್ಲೂ ಕಿವಿಯುಂಟು. ಮನೆಯಲ್ಲಿ ಅರ್ಥವಾಗದ ಸದ್ದು ಕೇಳಿದವರು ರೆಕಾರ್ಡ್ ಮಾಡಿ ಕಳಿಸುತ್ತಾರೆ. ಅದನ್ನಿಟ್ಟುಕೊಂಡು ಮೂವರು ಹರಟುತ್ತಾರೆ: ನಿವೃತ್ತ ವಿಜ್ಞಾನದ ಮೇಷ್ಟ್ರು, ಚರ್ಮವಾದ್ಯ ಕಟ್ಟುವ ತಾತ, ಮತ್ತು ಕೇಳುಗರು ಪ್ರೀತಿಯಿಂದ 'ಸದ್ದಕ್ಕ' ಎಂದು ಕರೆಯುವ ಈಕೆ. ಗೂಡಿನಿಂದ ಇಳಿಸಿದ ಮಡಕೆ ತಣ್ಣಗಾಗುತ್ತ ಟಿಣ್ ಟಿಣ್ ಎನ್ನುವುದೇಕೆ, ಲಾರಿ ಹೋದಾಗ ಒಂದೇ ಒಂದು ತಟ್ಟೆ ನಡುಗುವುದೇಕೆ, ಎಲ್ಲಕ್ಕೂ ಅಲ್ಲಿ ಉತ್ತರವಿದೆ. ಮೇಷ್ಟ್ರ ಲೆಕ್ಕ ತಪ್ಪಿದ ದಿನ ತಾತನ ಬೆರಳು ಸರಿಯಾಗಿ ಹೇಳುತ್ತದೆ, ಆಗ ಮೇಷ್ಟ್ರಿಗೆ ಮೂಗಿನ ತುದಿಯಲ್ಲಿ ಕೋಪ.

ಸದ್ದಕ್ಕ ಇಲ್ಲಿ ಕಸ ಗುಡಿಸಲು ಸೇರಿದವರು. ಹನ್ನೊಂದು ವರ್ಷವಾಯಿತು. ಮೆಷಿನ್ ಮುಂದೆ ಕೂರುವವರು ರಜೆ ಹಾಕಿದ ಒಂದು ದಿನ ಗುಂಡಿ ಒತ್ತಿದವರು ಆಮೇಲೆ ಆ ಕುರ್ಚಿಯಿಂದ ಏಳಲೇ ಇಲ್ಲ. "ನಮ್ಮ ಯಜಮಾನ್ರು ಆಡ್ಕೋತಾರೆ, ಊರೋರ ಫ್ರಿಜ್ ಕೂಗಿದ್ರೆ ಕೇಳ್ಸುತ್ತೆ, ನಾನು ಕಾಫಿ ಅಂದ್ರೆ ಕಿವುಡು ಅಂತ," ಎನ್ನುತ್ತಾರೆ. ಇಂಥ ನಾಲ್ಕು ಮಾತು ಬರೆದುಕೊಂಡು ಪತ್ರಿಕೆಗೊಂದು ಹಗುರವಾದ ಲೇಖನ ಮಾಡಿದರಾಯಿತು ಎಂದು ನಾನು ಬಂದದ್ದು. ನಾಲ್ಕನೆಯ ಸದ್ದು ಕೇಳಿದ ಮೇಲೆ ಪೆನ್ನು ಮುಂದಕ್ಕೆ ಓಡಲಿಲ್ಲ.

ಮೂರು ವರ್ಷದ ಹಿಂದೆ ಇಸ್ತ್ರಿ ಅಂಗಡಿಯವರೊಬ್ಬರು ಗೋಡೆಯೊಳಗಿನ ಗುಂಯ್ ಎಂಬ ಸದ್ದು ಕಳಿಸಿದ್ದರು. ಅದರ ಹಿಂದೆ ಚರಪರ ಎಂಬ ಗಲಾಟೆಯಿತ್ತು. ಸದ್ದಕ್ಕ ಆ ಗಲಾಟೆಯನ್ನು ರೆಕಾರ್ಡಿಂಗಿನಿಂದ ಒರೆಸಿ ಹಾಕಿದರು. ಕೇಳುಗರಿಗೆ ಸದ್ದು ಶುದ್ಧವಾಗಿ ಸಿಗಲಿ ಎಂದು ಎಲ್ಲ ರೇಡಿಯೊದವರೂ ಮಾಡುವ ಕೆಲಸವೇ. ಗುಂಯ್ ಎನ್ನುವುದು ನೀರಿನ ಪೈಪು ಎಂದು ತೀರ್ಪಾಯಿತು, ಎಲ್ಲರೂ ನಕ್ಕರು. ಒಂಬತ್ತನೆಯ ದಿನ ಗೋಡೆ ಬಿತ್ತು. ಇಸ್ತ್ರಿಯವರ ಪಾದ ಕಲ್ಲಿನಡಿ ಸಿಕ್ಕಿ ಜಜ್ಜಿಹೋಯಿತು. ಒರೆಸದ ಪ್ರತಿಯನ್ನು ಆಮೇಲೆ ಕೇಳಿದ ತಾತ ಹೇಳಿದ್ದು ಒಂದೇ ಮಾತು: "ಇದು ಕಲ್ಲಿಂದ ಕಲ್ಲು ಬಿಡೋ ಸದ್ದು. ಮೊದ್ಲೇ ಕೇಳ್ಸಿದ್ರೆ ಹೇಳ್ತಿದ್ದೆ ಕಣಮ್ಮ."

"ಅವತ್ತಿಂದ ನಾನು ಏನನ್ನೂ ಒರೆಸಲ್ಲ," ಎನ್ನುತ್ತಾರೆ ಸದ್ದಕ್ಕ. "ನಾಯಿ ಬೊಗಳಿರ್ಲಿ, ಮಗು ಅತ್ತಿರ್ಲಿ, ಹಾಗೇ ಇಡ್ತೀನಿ. ದಿನಾ ಬೆಳಿಗ್ಗೆ ಹೆಡ್‌ಫೋನ್ ಹಾಕೋವಾಗ ಇವತ್ತು ಬರದೇ ಇರ್ಲಿ ಅಂತ ಬೇಡ್ಕೋತೀನಿ. ಸುಳ್ಳೇಕೆ ಹೇಳ್ಲಿ."

ಈಗ ಬಂದಿರುವ ನಾಲ್ಕನೆಯ ಸದ್ದಿನಲ್ಲಿ ಮೊದಲು ಹೆಂಗಸೊಬ್ಬಳ ನಗುವ ದನಿ: "ಸದ್ದಕ್ಕಾ, ಇದೇನು ಹೇಳಿ ನೋಡೋಣ!" ಹಿಂದೆಯೇ ಚರ್ ಚರ್ ಎಂದು ಏನೋ ಬಿರಿಯುತ್ತಿದೆ. ಹೆಸರಿಲ್ಲ, ವಿಳಾಸವಿಲ್ಲ. ಆ ನಂಬರಿಗೆ ಆರು ಸಲ ಕರೆ ಮಾಡುತ್ತಾರೆ. ಸ್ವಿಚ್ಡ್ ಆಫ್.

ಅಷ್ಟರಲ್ಲಿ ಮೇಷ್ಟ್ರೂ ತಾತನೂ ಬರುತ್ತಾರೆ. ತಾತ ಕೇಳಿ ತಲೆಯಾಡಿಸುತ್ತಾನೆ. ಅನುಮಾನವೇ ಇಲ್ಲ, ಅದೇ ಕಲ್ಲು ಬಿಡುವ ಸದ್ದು.

"ಇದನ್ನ ಹಾಕಿದ್ರೆ ಗೋಡೆ ಇರೋರೆಲ್ಲ ಬೀದಿಗೆ ಓಡ್ತಾರಮ್ಮ," ಮೇಷ್ಟ್ರು ಹೇಳುತ್ತಾರೆ.

"ಹಾಕ್ದೇ ಇದ್ರೆ, ಸಾರ್?"

ಗಡಿಯಾರ ಆರೂಕಾಲು ತೋರಿಸುತ್ತಿದೆ. ಎಲ್ಲೋ ಒಂದು ಮನೆಯಲ್ಲಿ ಆ ಗೋಡೆಗೆ ಬೆನ್ನು ಕೊಟ್ಟು ಯಾರೋ ಮಲಗಿದ್ದಾರಲ್ಲ ಎಂಬುದೊಂದೇ ನನ್ನ ಯೋಚನೆ.

ಸದ್ದಕ್ಕ ಮತ್ತೆ ಕೇಳುತ್ತಾರೆ, ಈ ಸಲ ಗೋಡೆಯನ್ನು ಬಿಟ್ಟು ಹಿಂದಿನದೆಲ್ಲವನ್ನೂ. ಮೊದಲ ಎಂಟು ಸೆಕೆಂಡು ಗೋಡೆ ಸುಮ್ಮನಿದೆ. ಆ ಎಂಟು ಸೆಕೆಂಡಿನಲ್ಲಿ ಆ ಹೆಂಗಸಿನ ದನಿಯ ಹಿಂದೆ, ದೂರದಿಂದ ಫಟ್, ಫಟ್ ಎಂದು ಒಂದೇ ಲಯದಲ್ಲಿ ಏನೋ ಬಡಿಯುತ್ತಿದೆ. ಅಷ್ಟನ್ನೇ ಕತ್ತರಿಸಿಕೊಂಡು ಆರೂವರೆಗೆ ಪ್ರಸಾರ ಮಾಡುತ್ತಾರೆ. ಮೈಕಿನ ಮುಂದೆ ದನಿ ಸ್ವಲ್ಪವೂ ಅಲುಗುವುದಿಲ್ಲ. "ಇವತ್ತು ಏನು ಸದ್ದು ಅಂತ ಕೇಳಲ್ಲ. ಈ ಸದ್ದು ಎಲ್ಲಿಯದು? ಗೊತ್ತಿದ್ದೋರು ಈಗ್ಲೇ ಫೋನ್ ಮಾಡಿ."

ಹನ್ನೊಂದು ನಿಮಿಷ ಯಾರೂ ಕರೆ ಮಾಡುವುದಿಲ್ಲ. ಹನ್ನೆರಡನೆಯ ನಿಮಿಷಕ್ಕೆ ಹಿಟ್ಟಿನ ಗಿರಣಿಯವರು. "ಅಕ್ಕ, ಅದು ನಮ್ ಮೆಷಿನ್ ಬೆಲ್ಟು. ಒಂದು ಕಡೆ ಕಿತ್ತಿದೆ, ಅದಕ್ಕೆ ಬಡಿಯುತ್ತೆ. ಹೊಸದು ಹಾಕು ಅಂತ ಹೆಂಡತಿ ದಿನಾ ಬಯ್ತಾಳೆ."

"ಪುಣ್ಯಾತ್ಮ, ಸದ್ಯ ಹಾಕ್ಸಿಲ್ವಲ್ಲ!" ಎಂದು ಸದ್ದಕ್ಕ ಎದ್ದೇಬಿಡುತ್ತಾರೆ. ಕಾರ್ಯಕ್ರಮ ಮೇಷ್ಟ್ರ ಪಾಲಿಗೆ. ತಾತ, ಸದ್ದಕ್ಕ ಮತ್ತು ನಾನು ಆಟೋದಲ್ಲಿ ಗಿರಣಿಯ ಹಿಂದಿನ ಸಾಲುಮನೆಗಳಿಗೆ. ನಾಲ್ಕು ಮನೆ, ಹಿಂದೆ ದಿಬ್ಬವನ್ನು ತಡೆದು ನಿಂತ ಒಂದೇ ಉದ್ದದ ಕಲ್ಲುಗೋಡೆ. ಮೂರನೆಯ ಬಾಗಿಲು ತೆರೆದ ಹೆಂಗಸಿನ ಫೋನಿನಲ್ಲಿ ಚಾರ್ಜ್ ಇರಲಿಲ್ಲವಂತೆ. ಸದ್ದಕ್ಕನನ್ನು ನೋಡಿ ಅವಳ ಮುಖ ಊರಗಲ: "ಅಯ್ಯೋ! ನಂಗೆ ಬಹುಮಾನ ಬಂತಾ?"

ತಾತ ಗೋಡೆಗೆ ಕಿವಿಯಿಟ್ಟು ಬೆರಳಿನಿಂದ ತಟ್ಟುತ್ತ ಸಾಲಿನುದ್ದಕ್ಕೂ ನಡೆದು ಬರುತ್ತಾನೆ. "ಒಳಗೆ ಟೊಳ್ಳಾಗಿದೆ ತಾಯಿ. ಮಕ್ಕಳನ್ನ ಎಬ್ಬಿಸು."

ಹತ್ತು ಗಂಟೆಗೆ ನಾಲ್ಕೂ ಮನೆಯವರು ಪಕ್ಕದ ಶಾಲೆಯ ಕೋಣೆಯಲ್ಲಿದ್ದಾರೆ. ಯಾರಿಗೂ ಖುಷಿಯಿಲ್ಲ. ಮನೆ ಮಾಲೀಕರು ಬಂದು, "ತಮಟೆ ತಟ್ಟೋನ ಮಾತು ಕೇಳಿ ನನ್ನ ಬಾಡಿಗೆದಾರರನ್ನ ಓಡಿಸ್ತೀರಾ?" ಎಂದು ಬೀದಿ ಕೇಳುವಂತೆ ಕೂಗಾಡುತ್ತಾರೆ. ಗೋಡೆ ನೋಡಬೇಕಾದ ಪಂಚಾಯಿತಿ ಎಂಜಿನಿಯರು ಇನ್ನೂ ಬಂದಿಲ್ಲ.

ಇದನ್ನು ಬರೆಯುವಾಗ ಆರನೆಯ ದಿನ. ಗೋಡೆ ಅಲುಗದೆ ನಿಂತಿದೆ, ಎಂಜಿನಿಯರ ಸುಳಿವಿಲ್ಲ. ಶಾಲೆಯಲ್ಲಿ ಮಲಗಿ ಬೇಸತ್ತ ಜನ ಸದ್ದಕ್ಕನನ್ನು ಕಂಡರೆ ಮುಖ ತಿರುಗಿಸುತ್ತಾರೆ, ಎರಡು ಮನೆಯವರು ನಾಳೆ ವಾಪಸು ಹೋಗುತ್ತೇವೆ ಎನ್ನುತ್ತಿದ್ದಾರೆ. ಈಕೆ ದಿನವೂ ಪ್ರಸಾರ ಮುಗಿಸಿ ಅಲ್ಲಿಗೆ ಹೋಗಿ, ಬೈಸಿಕೊಂಡು, ಇನ್ನೆರಡು ದಿನ ಇರಿ ಎಂದು ಕೈಮುಗಿದು ಬರುತ್ತಾರೆ.

ಗೋಡೆ ಬಿದ್ದರೆ ನಿಮ್ಮ ಮಾತು ನಿಜವಾಗುತ್ತದಲ್ಲವೇ ಎಂದೆ. ಅವರು ಬೆಚ್ಚಿಬಿದ್ದಂತೆ ನನ್ನತ್ತ ತಿರುಗಿದರು.

"ಬಿಡ್ತು ಅನ್ನಿ! ನಿಜ ಆಗೋದು ಯಾರಿಗೆ ಬೇಕು? ಅದು ಇನ್ನೂ ನೂರು ವರ್ಷ ಹಾಗೇ ನಿಂತ್ಕೊಳ್ಲಿ. ಸದ್ದಕ್ಕಂಗೆ ತಲೆ ಕೆಟ್ಟಿತ್ತು ಅಂತ ಅವ್ರ ಮೊಮ್ಮಕ್ಕಳು ಆಡ್ಕೊಂಡು ನಗ್ಲಿ. ನಂಗೆ ಅಷ್ಟೇ ಸಾಕು."