ಹನ್ನೊಂದನೇ ಕಿಟಕಿಯ ಬಿಸಿಲು

ಬೆಳಗಿನ ಐದೂ ಮುಕ್ಕಾಲು. ಅರಮನೆಯ ಹಿಂಬಾಗಿಲ ಬೀಗ ತೆಗೆದು, ಚಪ್ಪಲಿ ಹೊರಗೇ ಬಿಟ್ಟು ಕಿಟಕಿಯಮ್ಮ ಒಳಗೆ ಕಾಲಿಡುತ್ತಾರೆ. ದೀಪ ಹಾಕುವುದಿಲ್ಲ. ಮೂವತ್ತೊಂದು ವರ್ಷ ನಡೆದ ದಾರಿ. ಯಾವ ಹಲಗೆ ಕಿರುಗುಟ್ಟುತ್ತದೆ, ಯಾವ ಮೆಟ್ಟಿಲು ಅರ್ಧ ಅಂಗುಲ ತಗ್ಗು ಎಂಬುದು ಪಾದಕ್ಕೇ ಗೊತ್ತು. ಕೈಯಲ್ಲಿ ತುದಿಗೆ ಕೊಕ್ಕೆಯಿರುವ ಉದ್ದನೆಯ ಕೋಲು, ಹೆಗಲ ಮೇಲೊಂದು ಹಳೆಯ ಟವೆಲ್ಲು. ಪೂರ್ವದ ಮೊದಲ ಕಿಟಕಿಯ ಮೇಲಿನ ಚಿಲಕಕ್ಕೆ ಕೊಕ್ಕೆ ಸಿಕ್ಕಿಸಿ ಎಳೆಯುತ್ತಾರೆ. ಟಕ್ ಎಂದು ಸದ್ದು. ಮರದ ಕದ ಸರಿಯುತ್ತದೆ, ತಣ್ಣನೆ ಗಾಳಿ ಒಳಗೆ ಬರುತ್ತದೆ. ಗೋಡೆಯ ಮೇಲಿನ ರಾಜರು ಒಬ್ಬೊಬ್ಬರಾಗಿ ಕತ್ತಲೆಯಿಂದ ಹೊರಬರುತ್ತಾರೆ.

"ಅವರನ್ನ ಎಬ್ಬಿಸೋದು ನಾನೇ. ಆದ್ರೆ ಇವತ್ತಿನವರೆಗೂ ಒಬ್ರೂ ಮಾತಾಡ್ಸಿಲ್ಲ," ಎನ್ನುತ್ತಾರೆ. ನಗುವುದಿಲ್ಲ. ಮುಂದಿನ ಕಿಟಕಿಗೆ ಹೋಗುತ್ತಾರೆ.

ಅರಮನೆ ಚಿತ್ರಶಾಲೆಯಾಗಿ ಐವತ್ತು ವರ್ಷವಾಗುತ್ತ ಬಂತು. ಇಪ್ಪತ್ತಮೂರು ಕೋಣೆ, ಎಂಬತ್ತಾರು ಕಿಟಕಿ. ಪ್ರತಿ ಕಿಟಕಿಗೂ ಒಳಗೆ ಗಾಜಿನ ಕದ, ಹೊರಗೆ ಪಟ್ಟಿಗಳಿರುವ ಮರದ ಕದ. ದಿನಕ್ಕೆ ನಾಲ್ಕು ಸುತ್ತು, ಸುತ್ತಿಗೆ ಇನ್ನೂರ ಹನ್ನೆರಡು ಮೆಟ್ಟಿಲು. ಕಿಟಕಿ ತೆಗೆಯುವುದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರು ಒಂದು ದಿನ ಇವರ ಹಿಂದೆ ನಡೆದು ನೋಡಲಿ. ಮಧ್ಯಾಹ್ನದೊಳಗೆ ಅವರ ಮೊಣಕಾಲೇ ಉತ್ತರ ಹೇಳುತ್ತದೆ.

ತೆಗೆಯುವುದಲ್ಲ, ಮುಚ್ಚುವುದು ಇಲ್ಲಿ ವಿದ್ಯೆ. ಗಾಳಿಯಾಡದಿದ್ದರೆ ಚಿತ್ರಕ್ಕೆ ಬೂಸ್ಟು ಹಿಡಿಯುತ್ತದೆ. ಬಿಸಿಲು ಬಿದ್ದರೆ ಬಣ್ಣ ಹಾರುತ್ತದೆ. ಆದ್ದರಿಂದ ಗಾಳಿ ಬರಬೇಕು, ಬಿಸಿಲು ಗೋಡೆ ಮುಟ್ಟಬಾರದು. ಸೂರ್ಯನಾದರೋ ವರ್ಷವಿಡೀ ಒಂದೇ ಕಡೆ ನಿಲ್ಲುವವನಲ್ಲ. ಕಿಟಕಿಯಮ್ಮನ ಬಳಿ ಇದಕ್ಕೆ ಪುಸ್ತಕವಿಲ್ಲ, ಯಂತ್ರವಿಲ್ಲ. ಪ್ರತಿ ಕಿಟಕಿಯ ಎದುರು ನೆಲದಲ್ಲಿ ಮೊಳೆಯಿಂದ ಗೀಚಿದ ಸಣ್ಣ ಗೀರುಗಳಿವೆ, ತಿಂಗಳಿಗೊಂದು. ಬಿಸಿಲು ಆ ತಿಂಗಳ ಗೀರು ಮುಟ್ಟಿದ ಕೂಡಲೇ ಆ ಕಿಟಕಿ ಮುಚ್ಚಬೇಕು.

ಗೀರು ಹಾಕಿದವರು ಅವರ ಅತ್ತೆ. ಅರಮನೆಯಲ್ಲಿ ರಾಣಿಯಿದ್ದಾಗ ನೆಲ ಒರೆಸುತ್ತಿದ್ದ ಹೆಂಗಸು, ಚಿತ್ರಶಾಲೆಯಾದ ಮೇಲೆ ಕಿಟಕಿಯ ಕೆಲಸಕ್ಕೆ ಸೇರಿದರು. ಅರಮನೆಯ ನೆಲ ಕೆಡಿಸಿದರೆಂದು ಆಗಿನ ಅಧಿಕಾರಿಯಿಂದ ಬೈಸಿಕೊಂಡರು. "ಅತ್ತೆ ಹೇಳಿದ್ರಂತೆ, ನೆಲ ನನ್ನ ಕೈಲೇ ಮೂವತ್ತು ವರ್ಷ ಸವೆದಿದೆ, ನಾಲ್ಕು ಗೀರು ಹಾಕಿದ್ರೆ ಅದು ಬೇಜಾರು ಮಾಡ್ಕೊಳಲ್ಲ ಅಂತ. ಅವರ ಬಾಯಿ ಅಂಥದ್ದು. ನನಗೆ ಕೈ ಕೊಟ್ಟರು, ಬಾಯಿ ಕೊಡ್ಲಿಲ್ಲ."

ಆ ಬಾಯಿ ಮನೆಯಲ್ಲಿ ಗಂಡನ ಪಾಲಾಗಿದೆ. ಅವರು ಬಸ್ಸು ರಿಪೇರಿ ಮಾಡುವವರು. "ಅರಮನೆಗೆಲ್ಲ ಗಾಳಿ ತೋರಿಸಿ ಬರ್ತಾಳೆ. ಮನೇಲಿರೋದು ಎರಡೇ ಕಿಟಕಿ. ಅದನ್ನ ನಾನೇ ತೆಗೀಬೇಕು," ಎಂದು ದೂರುತ್ತಾರೆ. ಹೆಂಡತಿ ಅಕ್ಕಿ ಆರಿಸುತ್ತಲೇ ತಿರುಗಿಸಿ ಕೊಡುತ್ತಾರೆ: "ತೆಗೀಲಿ ಬಿಡಿ. ಇವರು ರಿಪೇರಿ ಮಾಡಿದ ಬಸ್ಸಲ್ಲಿ ಒಂದು ಕಿಟಕಿನೂ ಮುಚ್ಚೋಕೆ ಬರಲ್ಲ. ಮಳೆಗಾಲದಲ್ಲಿ ಜನ ಇವರನ್ನೇ ನೆನೆಸ್ಕೋತಾರೆ."

ಹತ್ತು ಗಂಟೆಗೆ ಜನ ಬರುತ್ತಾರೆ. ರಾಜನ ಮೀಸೆ ನೋಡುತ್ತಾರೆ, ರಾಣಿಯ ಒಡವೆ ನೋಡುತ್ತಾರೆ, ಫೋಟೋ ಹೊಡೆದುಕೊಳ್ಳುತ್ತಾರೆ. ಫೋಟೋಗೆ ಅಡ್ಡ ಬಂದರೆ ಕಿಟಕಿಯಮ್ಮನಿಗೆ ಕೈಸನ್ನೆಯಲ್ಲೇ ಪಕ್ಕಕ್ಕೆ ಹೋಗು ಎನ್ನುತ್ತಾರೆ. ಶೌಚಾಲಯ ಎಲ್ಲಿ ಎಂದು ದಿನಕ್ಕೆ ಮೂವತ್ತು ಸಲವಾದರೂ ಕೇಳುತ್ತಾರೆ. ಈ ಬಣ್ಣಗಳು ಇನ್ನೂ ಹೇಗೆ ಉಳಿದಿವೆ ಎಂದು ಕೇಳಿದವರು ಮೂವತ್ತೊಂದು ವರ್ಷದಲ್ಲಿ ಒಬ್ಬರೂ ಇಲ್ಲ. ಟಿಕೆಟ್ಟು ಕೊಂಡವನಿಗೆ ಕಣ್ಣೂ ಕೊಡಲು ಬರುವಂತಿದ್ದರೆ ಚೆನ್ನಾಗಿತ್ತು.

ಮೇಲಿನ ಮಹಡಿಯ ಪಶ್ಚಿಮಕ್ಕೆ ಒಂದು ಉದ್ದನೆಯ ಕೋಣೆಯಿದೆ. ಕಿಟಕಿಗಳ ಎದುರಿನ ಗೋಡೆಯ ಮೇಲೆ ಒಬ್ಬನೇ ಕಲಾವಿದ ಬರೆದ ಹದಿನಾಲ್ಕು ನೀರುಬಣ್ಣದ ಚಿತ್ರಗಳು. ನೀರುಬಣ್ಣಕ್ಕೆ ಬಿಸಿಲೆಂದರೆ ಆಗದು. ಅಲ್ಲಿನ ಉಳಿದ ಕಿಟಕಿಗಳನ್ನೆಲ್ಲ ಮಧ್ಯಾಹ್ನವೇ ಮುಚ್ಚುತ್ತಿದ್ದರು. ಹನ್ನೊಂದನೆಯದನ್ನು ಮಾತ್ರ ಗಾಳಿಗೆಂದು ಸಂಜೆಯವರೆಗೆ ತೆರೆದೇ ಇಡುತ್ತಿದ್ದರು. ಹೊರಗೆ ಅದಕ್ಕೆ ನೇರವಾಗಿ ಒಂದು ಭಾರೀ ಮರವಿತ್ತು. ಬಿಸಿಲು ಒಳಗೆ ಬರುವ ಪ್ರಶ್ನೆಯೇ ಇರಲಿಲ್ಲ. ಹಾಗಾಗಿ ಅತ್ತೆ ಆ ಕಿಟಕಿಗೆ ಗೀರೇ ಹಾಕಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಗಾಳಿಮಳೆಗೆ ಆ ಮರ ಬಿತ್ತು. ಅರಮನೆ ಈಗ ರಸ್ತೆಗೇ ಕಾಣುತ್ತದೆ ಎಂದು ಎಲ್ಲರಿಗೂ ಸಂತೋಷ. ಕಿಟಕಿಯಮ್ಮನ ಕೈ ಮಾತ್ರ ಹಳೆಯ ಲೆಕ್ಕದಲ್ಲೇ ನಡೆಯಿತು. ಗೀರು ನೋಡಿ ಮುಚ್ಚುವ ಕೈ ಅದು. ಗೀರಿಲ್ಲದ ಕಿಟಕಿಯ ಮುಂದೆ ನಿಲ್ಲಲೇ ಇಲ್ಲ. ಅವರು ಪೂರ್ವದ ಕಡೆ ನಾಲ್ಕನೇ ಸುತ್ತಿನಲ್ಲಿರುವ ಹೊತ್ತಿಗೆ, ದಿನಾ ಕಾಲು ಗಂಟೆ ಬಿಸಿಲು ಹನ್ನೊಂದನೇ ಕಿಟಕಿಯಿಂದ ಒಳಬಂದು ಎದುರಿನ ಒಂದು ಚಿತ್ರದ ಅಂಚಿನ ಮೇಲೆ ಕೂತು ಹೋಗುತ್ತಿತ್ತು. ಒಂದು ಇಡೀ ಬೇಸಿಗೆ.

ಆ ಚಿತ್ರದ ನಡುವೆ ರಾಣಿ ಕೂತಿದ್ದಾಳೆ. ಅಂಚಿನಲ್ಲಿ, ಕುರ್ಚಿಯ ಹಿಂದೆ, ಬೀಸಣಿಗೆ ಹಿಡಿದ ಆಳು ಹೆಂಗಸು. ಅವಳ ಕೆಂಪು ಕುಪ್ಪಸ ಬಿಳಿಚಿಕೊಂಡಿತ್ತು. ರಾಣಿಗೆ ಏನೂ ಆಗಿರಲಿಲ್ಲ. ಅದಕ್ಕೇ ಯಾರ ಕಣ್ಣಿಗೂ ಬೀಳಲಿಲ್ಲ.

"ಟವೆಲ್ ಹಿಡ್ಕೊಂಡು ಚೌಕಟ್ಟು ಒರೆಸ್ತಾ ಇದ್ದೆ. ನೋಡಿದೆ. ತಿರುಗಿ ಹನ್ನೊಂದನೇ ಕಿಟಕಿ ನೋಡಿದೆ. ಮುಚ್ಚಿಬಿಟ್ಟೆ. ಬಾಯಿನೂ ಮುಚ್ಕೊಂಡೆ," ಎನ್ನುತ್ತಾರೆ.

ಎರಡು ವರ್ಷ ಮುಚ್ಚಿಕೊಂಡಿದ್ದರು. ಕಳೆದ ವರ್ಷ ಹಳೆಯ ಚಿತ್ರಗಳನ್ನು ಪರೀಕ್ಷಿಸಲು ಒಬ್ಬ ತಜ್ಞೆ ಬಂದರು. ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು ಆ ಅಂಚನ್ನು ಅರ್ಧ ದಿನ ನೋಡಿದರು. ಈ ಕಲಾವಿದನ ಬಣ್ಣವೇ ಬಲವಿಲ್ಲದ್ದು, ಒಂದರಲ್ಲಿ ಹಾರಿದ್ದು ನಾಳೆ ಎಲ್ಲದರಲ್ಲೂ ಹಾರುತ್ತದೆ, ಹದಿನಾಲ್ಕನ್ನೂ ಇಳಿಸಿ ಕತ್ತಲ ಕೋಣೆಯ ಪೆಟ್ಟಿಗೆಗಳಲ್ಲಿ ಇಡಿ ಎಂದರು. ಚಿತ್ರಶಾಲೆಯ ಸಾಹೇಬರು ಆಗಲಿ ಎಂದರು. ಚಿತ್ರದ ಕೆಳಗೆ ಚೀಟಿಯೂ ಅಂಟಿತು: ಕಾಲಾಂತರದಲ್ಲಿ ಬಣ್ಣ ಮಾಸಿದೆ.

ಕಿಟಕಿಯಮ್ಮನಿಗೆ ಆಗ ನಿವೃತ್ತಿಗೆ ಒಂದೂವರೆ ವರ್ಷ ಬಾಕಿ. ಬಾಯಿ ಬಿಟ್ಟರೆ ಬೀಗದ ಕೈ ಕಿತ್ತುಕೊಂಡು ಮನೆಗೆ ಕಳಿಸಬಹುದು. ಬಿಡದಿದ್ದರೆ ಹದಿನಾಲ್ಕು ಚಿತ್ರ ಕತ್ತಲೆಗೆ, ತನ್ನ ಒಂದು ತಪ್ಪಿಗೆ. ಮನೆಯಲ್ಲಿ ಗಂಡನಿಗೆ ಹೇಳಿದರು. ಯಾವಾಗಲೂ ತಮಾಷೆ ಮಾಡುವ ಮನುಷ್ಯ ಅವತ್ತು ತಟ್ಟೆ ಪಕ್ಕಕ್ಕಿಟ್ಟು ಒಂದೇ ಕೇಳಿದರಂತೆ: "ಅಮ್ಮ ಇದ್ದಿದ್ರೆ ಏನ್ ಮಾಡೋಳು?"

ಮಾರನೆಯ ದಿನ ಚಿತ್ರ ಇಳಿಸಲು ಏಣಿ ಇಟ್ಟಿದ್ದರು. ಕಿಟಕಿಯಮ್ಮ ಏಣಿಯ ಕಾಲು ಹಿಡಿದು ನಿಂತರು.

"ಮೇಡಂ, ಬಣ್ಣದ್ದೇನೂ ತಪ್ಪಿಲ್ಲ. ನಾನು ಕಿಟಕಿ ಮುಚ್ಚಲಿಲ್ಲ."

ತಜ್ಞೆ ನಂಬಲಿಲ್ಲ. ಕುಪ್ಪಸ ಮೊದಲು ಯಾವ ಬಣ್ಣವಿತ್ತು ಹೇಳಿ ನೋಡೋಣ ಎಂದರು.

"ಮೆಣಸಿನಕಾಯಿ ಕೆಂಪಲ್ಲ, ಇಟ್ಟಿಗೆ ಕೆಂಪೂ ಅಲ್ಲ. ದಿನವಿಡೀ ನೆಲ ಉಜ್ಜಿ ಎದ್ದಾಗ ಹೆಂಗಸರ ಮಂಡಿ ಇರುತ್ತಲ್ಲ, ಆ ಕೆಂಪು."

ಚೌಕಟ್ಟು ಬಿಚ್ಚಿದರು. ಅದರ ಪಟ್ಟಿಯ ಅಡಿಯಲ್ಲಿ ಬಿಸಿಲಿಗೆ ಸಿಗದೆ ಉಳಿದಿದ್ದ, ದಾರದಷ್ಟು ಅಗಲದ ಒಂದು ಗೆರೆ. ಅದೇ ಕೆಂಪು. ಉಳಿದ ಹದಿಮೂರು ಚಿತ್ರಗಳನ್ನು ಮತ್ತೆ ನೋಡಿದರು. ಒಂದು ಚುಕ್ಕೆಯೂ ಹಾರಿರಲಿಲ್ಲ. ಏಣಿ ವಾಪಸು ಹೋಯಿತು. ಹದಿನಾಲ್ಕೂ ಗೋಡೆಯ ಮೇಲೇ ಉಳಿದವು.

ಕಿಟಕಿಯಮ್ಮನಿಗೆ ವಿವರಣೆ ಕೇಳಿ ಕಚೇರಿಯಿಂದ ಪತ್ರ ಬಂತು. ಮೂವತ್ತೊಂದು ವರ್ಷದಲ್ಲಿ ಕಚೇರಿ ಅವರಿಗೆ ಬರೆದ ಮೊದಲ ಪತ್ರ ಅದು. ಹದಿಮೂರು ಚಿತ್ರ ಉಳಿಸಿದ್ದಕ್ಕೆ ಒಂದು ಸಾಲೂ ಇಲ್ಲ, ಒಂದು ಕೆಟ್ಟದ್ದಕ್ಕೆ ಎರಡು ಪುಟ. ಹೀಗಿದೆ ನಮ್ಮ ನ್ಯಾಯ. ಅವರು ಸ್ವಂತ ಕೈಬರಹದಲ್ಲಿ ಒಂದೇ ಸಾಲು ಬರೆದುಕೊಟ್ಟರು: ಮರ ಬಿದ್ದದ್ದು ನೋಡಿದೆ, ಬಿಸಿಲು ಬರುತ್ತದೆ ಎಂದು ಯೋಚಿಸಲಿಲ್ಲ. ಕಚೇರಿಯವರು ಸೇವಾ ಪುಸ್ತಕದಲ್ಲಿ ಎಚ್ಚರಿಕೆ ಎಂದು ಬರೆದರು. ಕೋಲು, ಬೀಗದ ಕೈ ಅವರ ಬಳಿಯೇ ಉಳಿಯಿತು. ಈ ವಿದ್ಯೆ ಬೇರೆ ಯಾರಿಗೂ ಬರುವುದಿಲ್ಲವಲ್ಲ.

ಚೀಟಿಯನ್ನೂ ಬದಲಿಸಿದರು. ಈಗ ಬಿಸಿಲಿನಿಂದ ಮಾಸಿದೆ ಎಂದಿದೆ. ಕಿಟಕಿಯಮ್ಮನಿಗೆ ಇದೂ ಸಮಾಧಾನವಿಲ್ಲ. "ಮೊದಲು ಕಾಲಕ್ಕೆ ಬೈದ್ರು, ಈಗ ಬಿಸಿಲಿಗೆ ಬೈತಾರೆ. ಅವೆರಡೂ ತಮ್ಮ ಕೆಲಸ ಮಾಡಿದ್ವು."

ನಿವೃತ್ತಿಗೆ ಇನ್ನು ಆರು ತಿಂಗಳು. ಆಮೇಲೆ ನೆಲಕ್ಕೆ ಯಂತ್ರದಿಂದ ಹೊಳಪು ಕೊಡಿಸುತ್ತಾರಂತೆ. ಹೂಮಾಲೆ ಬೇಡ, ಭಾಷಣ ಬೇಡ, ಆ ಗೀರುಗಳನ್ನು ಅಳಿಸದಿದ್ದರೆ ಸಾಕು ಎಂದು ಸಾಹೇಬರಿಗೆ ಹೇಳಿದ್ದಾರೆ. ನೋಡೋಣ ಎಂದಿದ್ದಾರೆ ಸಾಹೇಬರು. ನೋಡುವುದಾದರೆ ಮಧ್ಯಾಹ್ನ ಮೂರೂವರೆಗೆ ಬಂದು ನೋಡಲಿ.

ಮೂರೂವರೆ. ಹನ್ನೊಂದನೇ ಕಿಟಕಿಯಿಂದ ಒಂದು ಗೇಣು ಅಗಲದ ಬಿಸಿಲು ನೆಲದ ಮೇಲೆ ತೆವಳುತ್ತ ಬರುತ್ತದೆ. ಅಲ್ಲೀಗ ಹನ್ನೆರಡು ಗೀರುಗಳಿವೆ. ಅತ್ತೆಯ ಗೀರುಗಳಂತೆ ಸವೆದಿಲ್ಲ, ಹೊಸತು. ಒಂದು ವರ್ಷವಿಡೀ ಕಾದು, ತಿಂಗಳಿಗೊಂದರಂತೆ ಮೊಳೆ ಹಿಡಿದು ಸೊಸೆ ಹಾಕಿದ್ದು. ಬಿಸಿಲು ಗೀರು ಮುಟ್ಟುತ್ತದೆ. ಕೊಕ್ಕೆ ಮೇಲೇಳುತ್ತದೆ. ಟಕ್.

ಕೋಣೆ ನೆರಳಾಗುತ್ತದೆ. ಕಿಟಕಿಯಮ್ಮ ಹೆಗಲ ಟವೆಲ್ಲಿನಿಂದ ಕೈ ಒರೆಸಿಕೊಂಡು, ರಾಣಿಯನ್ನು ದಾಟಿ, ಬೀಸಣಿಗೆಯವಳ ಎದುರು ಒಂದು ಗಳಿಗೆ ನಿಲ್ಲುತ್ತಾರೆ.

"ಮುಚ್ಚಿದೀನಿ ಕಣೇ," ಎಂದು ಮೆಲ್ಲಗೆ ಹೇಳಿ, ಹನ್ನೆರಡನೆಯದರ ಕಡೆ ನಡೆಯುತ್ತಾರೆ.