ಅಕ್ಕೋರ ಕಾರಿನ ನಡುಕ

ದುರ್ಗಪ್ಪಣ್ಣ, ಕಟಕೋಳದ ಅಕ್ಕೋರ ಕಾರಿನ ನಡುಕಕ್ಕೆ ಕಾರಣ ಹುಡುಕಿದವರು ನೀವು. ನಾನಲ್ಲ. ರಾಮದುರ್ಗದ ಈ ಗ್ಯಾರೇಜಿನಲ್ಲಿ ಒಂಬತ್ತು ವರ್ಷ ಹುಡುಕಿದವನೆಂಬ ಹೆಸರಿನ ಮೇಲೆ ಮೆರೆದಿದ್ದೇನೆ — ಅದು ನಿಮ್ಮಿಂದ ಕದ್ದದ್ದು.

ವೇಗದಲ್ಲಿ ಬ್ರೇಕ್ ಒತ್ತಿದರೆ ಆ ಹಳೆಯ ಕಾರಿನ ಸ್ಟೇರಿಂಗ್ ಗಡಗಡ ನಡುಗುತ್ತಿತ್ತು. ನಾನು ಎರಡು ಸಲ ಮುಂದಿನ ಗಾಲಿಯ ಬ್ರೇಕ್ ಡಿಸ್ಕ್ ಬದಲಿಸಿದೆ. ಎರಡು ತಿಂಗಳು ಸುಮ್ಮನಿದ್ದು ಮತ್ತೆ ಶುರು. ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಆ ಹಿರಿಯರಿಗೆ ನಾನು ಹೇಳಿದ್ದೇನು? “ಅಕ್ಕೋರ, ನೀವು ಬ್ರೇಕ್ ಭಾಳ ಜೋರ ಒತ್ತತೀರಿ.” ಪಾಪ, ಅವರು ನನ್ನ ಮಾತು ನಂಬಿ ಕಾಲು ಹಗುರ ಮಾಡಲು ಹೋಗಿ, ಒಂದು ದಿನ ಎಮ್ಮೆಗೆ ಗುದ್ದುವುದರಲ್ಲಿದ್ದರು.

ಆಗ ಮಾಲಕರು ಕಾರನ್ನು ನಿಮ್ಮ ಕೈಗೆ ಕೊಟ್ಟರು. ಹೊಸ ಶೆಡ್ಡಿಗೆ ಹೆಡ್ ಮಿಸ್ತ್ರಿ ಯಾರಾಗಬೇಕು, ನೀವೋ ನಾನೋ ಎಂದು ಅವರು ತೂಗಿ ನೋಡುತ್ತಿದ್ದ ದಿನಗಳವು.

ನಿಮ್ಮ ಕೆಲಸ ನೋಡುವುದೇ ಒಂದು ಸುಖ — ಹೊಟ್ಟೆಕಿಚ್ಚಿನಲ್ಲೂ ಕಣ್ಣು ಕೀಳಲಾಗಲಿಲ್ಲ. ನಡುಕ ಸೀಟಿಗೆ ಬರುತ್ತದೋ ಸ್ಟೇರಿಂಗಿಗೋ ಎಂದು ಮೊದಲು ಅಕ್ಕೋರನ್ನೇ ಕೇಳಿದಿರಿ. ಡಿಸ್ಕಿಗೆ ಸೀಮೆಸುಣ್ಣ ತಿಕ್ಕಿ, ತಂತಿಯ ತುದಿಯನ್ನು ತಾಗಿಯೂ ತಾಗದಂತೆ ಕಟ್ಟಿ, ಡಿಸ್ಕನ್ನು ಮೆಲ್ಲಗೆ ತಿರುಗಿಸಿದಿರಿ. ಒಂದು ಕಡೆ ಗೀರು ಬಿತ್ತು. ನಾನಾಗಿದ್ದರೆ ಅಲ್ಲಿಗೇ ಮೂರನೆಯ ಡಿಸ್ಕ್ ತರಿಸುತ್ತಿದ್ದೆ. ನೀವು ಅದನ್ನು ಬಿಚ್ಚಿ, ಅರ್ಧ ಸುತ್ತು ತಿರುಗಿಸಿ ಕೂಡಿಸಿ, ಮತ್ತೆ ಪರೀಕ್ಷಿಸಿದಿರಿ. ಗೀರು ಡಿಸ್ಕಿನ ಜೊತೆ ಹೋಗಲಿಲ್ಲ. ಡಿಸ್ಕ್ ಕೂರುವ ಹಬ್‌ನ ಅದೇ ಜಾಗದ ನೇರಕ್ಕೆ ಬಿತ್ತು.

“ಡಿಸ್ಕಿಂದು ತಪ್ಪಿಲ್ಲೋ ತಮ್ಮಾ, ಅದು ಕುಂತ ಜಾಗಾನ ಸೊಟ್ಟ ಐತಿ,” ಎಂದಿರಿ. ಅಲ್ಲಿದ್ದ ಬೆಳ್ಳಿ ಬಣ್ಣವನ್ನು ಉಗುರಿನಿಂದ ಕೆರೆದು ನೋಡಿದಿರಿ. ಯಾರು ಬಳಿದರು ಎಂದು ಮಾತ್ರ ಕೇಳಲಿಲ್ಲ. ಅದನ್ನು ತಿಕ್ಕಿ ತೆಗೆಯುವ ಪಾಲಿಶ್ ಪೇಪರ್ ತರಲು ಪೇಟೆಗೆ ನಡೆದಿರಿ.

ಬಳಿದವನು ನಾನೇ. ದಸರೆಯ ಖಂಡೇ ಪೂಜೆಗೆ ಕಾರು ಮಿಂಚಲಿ ಎಂದು, ಡಿಸ್ಕ್ ಕೂಡಿಸಿದರೆ ಯಾರಿಗೂ ಕಾಣದ ಆ ಜಾಗಕ್ಕೂ ಬಣ್ಣ ಬಳಿದಿದ್ದೆ — ಕೆಳಗಿನ ತುಕ್ಕು ತೆಗೆಯದೆ! ಗಂಟುಗಟ್ಟಿದ ಆ ತುಕ್ಕಿನ ಮೇಲೆ ಡಿಸ್ಕ್ ಓರೆಯಾಗಿ ಕೂತಿತ್ತು. ನೀವು ಬರುವುದರೊಳಗೆ ಎಲ್ಲ ಕೆರೆದು ತೆಗೆದೆ. ನಿಮ್ಮ ಸೀಮೆಸುಣ್ಣದ ಗುರುತನ್ನೂ ಒರೆಸಿದೆ. ಮಾಲಕರು ಬಂದು, “ಯಾರು ಹುಡುಕಿದ್ರೋ?” ಎಂದರು.

“ನಾನ ಹುಡುಕೇನ್ರಿ.”

ನೀವು ಬಾಗಿಲಲ್ಲೇ ನಿಂತಿದ್ದಿರಿ. ಒಂದು ಮಾತು ಆಡಿದ್ದರೆ ನನ್ನ ಕಥೆ ಮುಗಿಯುತ್ತಿತ್ತು. ಪಾಲಿಶ್ ಪೇಪರನ್ನು ನನ್ನ ಕೈಗಿಟ್ಟು, “ಇನ್ನೊಂದು ಗಾಲೀದೂ ತಿಕ್ಕು. ಅಕ್ಕೋರು ಒಬ್ರೇ ಗಾಡಿ ಹೊಡೀತಾರ,” ಎಂದಿರಿ. ಅಷ್ಟೇ. ನಾನು ಹೆಡ್ ಮಿಸ್ತ್ರಿಯಾದೆ. ನೀವು ಕೆಲಸ ಬಿಟ್ಟು ಮುನವಳ್ಳಿಗೆ ಹೋದಿರಿ.

ಬೇರೆ ಊರಿನ ಮಿಸ್ತ್ರಿಗಳೂ ಈಗ ಇಲ್ಲಿಗೆ ಬಂದು ಆ ತಂತಿಯ ಉಪಾಯ ಕಲಿಯುತ್ತಾರೆ. ಅದಕ್ಕೆ ನನ್ನ ಹೆಸರಿಟ್ಟಿದ್ದಾರೆ. ನಾನು ಬೇಡವೆನ್ನಲಿಲ್ಲ — ನಾಚಿಕೆಯಾಗುತ್ತದೆ, ಅಣ್ಣಾ, ಆದರೂ ಬೇಡವೆನ್ನಲಿಲ್ಲ.

ಇಂದು ಬೆಳಿಗ್ಗೆ ಮಾಲಕರಿಗೆ ಎಲ್ಲವನ್ನೂ ಹೇಳಿದೆ. ಅವರು ಕುಡಿಯುತ್ತಿದ್ದ ಚಹಾ ಕೆಳಗಿಟ್ಟು ಎದ್ದು ಹೋದರು. ನಾಳೆ ಕಟಕೋಳಕ್ಕೆ ಹೋಗಿ ಅಕ್ಕೋರಿಗೂ ಹೇಳುತ್ತೇನೆ. ನಿಮಗೆ ಹೇಳಲು ಹೊಸದೇನೂ ಇಲ್ಲ. ಇಷ್ಟು ವರ್ಷ ಎಲ್ಲ ಗೊತ್ತಿದ್ದೂ ಸುಮ್ಮನಿದ್ದವರು ನೀವೊಬ್ಬರೇ.