ಖಾರದ ಡಬ್ಬಿಯ ಕಂತು

ಇವತ್ತು ಖಾರದಪುಡಿಯ ಡಬ್ಬಿ ತೆರೆದಾಗ ಸೀನು ಬಂತು, ಅವ್ವ ನೆನಪಾದಳು. ಅಜ್ಜಿಯ ಆಪರೇಶನ್‌ಗೆಂದು ಅವ್ವ ಮಹಿಳಾ ಸಂಘದಲ್ಲಿ ಸಾಲ ತೆಗೆದಿದ್ದಳು. ಗುಡಗೇರಿ ಸಂತೆಗೆ ಹೋಗುವ ಮೊದಲೇ ಕೂಲಿಯಲ್ಲಿ ವಾರದ ಕಂತು ತೆಗೆದು ಖಾರದ ಡಬ್ಬಿಯಲ್ಲಿ ಹುಗಿಯುತ್ತಿದ್ದಳು. "ಚಾ ಸಕ್ರಿಗಂತ ಕೈ ಹಾಕಿದ್ರ ಉರೀಬೇಕ ನನಗ" ಅನ್ನುವಳು. ಸಂಘದಲ್ಲಿ ಅವಳ ನೋಟು ಎಣಿಸುವವರೆಲ್ಲ ಸೀನುತ್ತಿದ್ದರು.

ಒಂದು ವಾರ ಡಬ್ಬಿಯಲ್ಲಿ ಖಾರವಷ್ಟೇ ಇತ್ತು. ಸಂಘದಲ್ಲಿ ತಲೆ ತಗ್ಗಿಸಿ ಕೂತ ಅವ್ವನ ಕೈಗೆ ಬಾಜುಮನೆಯ ಖೈರುನ್ ಚಾಚಿ ಮೆಲ್ಲಗೆ ನೋಟು ತುರುಕಿದಳು. "ಹಿಡಿ ಬೇ, ನನಗ ಕಡಿಮಿ ಬಿದ್ದಾಗ ನೀ ಕೊಡಾಕಿ ಅದೀಯಲ್ಲ."

ಅವ್ವ ಕಂತು ಕಟ್ಟಿದಳು. ಆ ದಿನ ಯಾರೂ ಸೀನಲಿಲ್ಲ. ಎಲ್ಲರಿಗೂ ತಿಳಿಯಿತು, ಯಾರೂ ಕೇಳಲಿಲ್ಲ.

ನನ್ನ ಮನೆಸಾಲದ ಕಂತು ಮೊಬೈಲಿನಲ್ಲೇ ಹೋಗುತ್ತದೆ. ಈ ತಿಂಗಳದ್ದು ತಪ್ಪಿದೆ. ಬಾಜುಮನೆಯವರ ಹೆಸರೂ ನನಗೆ ಗೊತ್ತಿಲ್ಲ.